ಯೋ ಎಂಬ ಮರ್ಯಾದೆ

ಹೋದ ಭಾನುವಾರ ನಿಧಿ ನನ್ನ ಪಕ್ಕದಲ್ಲಿ ಕಾಲು ಮಡಚಿ ಕುಳಿತು ಕೊರಿಯಾದ ಧಾರಾವಾಹಿ ನೋಡುತ್ತಿದ್ದಳು. ಅದರಲ್ಲಿ ಒಂದು ದೊಡ್ಡ ಆಫೀಸು. ನೆಲ ಒರೆಸುವ ಹೆಂಗಸು ಮ್ಯಾನೇಜರನ ಎದುರು ನಿಂತು ಎರಡೇ ಮಾತು ಹೇಳಿದಳು. ಅಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಒಬ್ಬನ ಕೈಯಿಂದ ಕಾಫಿ ಲೋಟ ಜಾರಿತು. ಕೆಳಗೆ ಬಂದ ಇಂಗ್ಲಿಷ್ ಸಾಲಿನಲ್ಲಿ ಮಾತ್ರ "ಇಲ್ಲಿಗೆ ಬಾ" ಎಂದಷ್ಟೇ ಇತ್ತು.

"ವಾಟ್ಸ್ ದ ಬಿಗ್ ಡೀಲ್?" ಎಂದಳು ನಿಧಿ.

"ಯೋ ಬಿಟ್ಟುಬಿಟ್ಳಲ್ಲೇ!" ಎಂದೆ.

"ಅಜ್ಜೀ! ಹೌ ಡು ಯು ನೋ ಕೊರಿಯನ್?"

ಆಗ ನಕ್ಕುಬಿಟ್ಟೆ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ, ನಾಲ್ಕು ಜನ ಕುಳಿತಿದ್ದರೆ ನಾಚಿಕೆ. ಮಾಲೂರು ಕಡೆಯ ನಮ್ಮೂರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದ್ದರಿಂದ ಬರೆಯಲು ಬರುತ್ತದೆ. ನಿಧಿ ಬರುವ ತಿಂಗಳು ಕಲ್ವರ್ ಸಿಟಿಯ ಒಂದು ಕಂಪನಿಗೆ ಸೇರುತ್ತಾಳೆ. ಅವಳ ಕೈಕೆಳಗೂ ಜನ ಇರುತ್ತಾರಂತೆ. ನಾನು ಬೇರೆಯವರ ಕೈಕೆಳಗೆ ಇದ್ದಾಗ ಹೇಗಿತ್ತು ಎಂದು ಮೊಮ್ಮಕ್ಕಳಾದ ನಿಮಗೆಲ್ಲ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಓದಲು ಬಾರದಿದ್ದರೆ ನಿಮ್ಮಪ್ಪನ ಕೈಯಲ್ಲಿ ಓದಿಸಿಕೊಳ್ಳಿ.

ನಿಮ್ಮ ತಾತ ಸ್ಯಾನ್ ಪೀಡ್ರೊದ ಬಂದರಿನಲ್ಲಿ ಹಡಗು ಕಂಪನಿಯೊಂದರ ಗುಮಾಸ್ತರಾಗಿದ್ದರು. ಅವರು ಎದೆನೋವಿನಿಂದ ಹಠಾತ್ತನೆ ಹೋದಾಗ ನಿಮ್ಮಪ್ಪ ಇನ್ನೂ ಸ್ಕೂಲಿನಲ್ಲಿದ್ದ. ಊರಿನಲ್ಲಿ ನಮ್ಮತ್ತೆಯ ಹತ್ತಿರ ರವಿಕೆ ಹೊಲಿಯಲು ಕಲಿತದ್ದು ಬಿಟ್ಟರೆ ನನಗೆ ಇನ್ನೊಂದು ಕೆಲಸ ಗೊತ್ತಿರಲಿಲ್ಲ. ಲಾಸ್ ಏಂಜಲೀಸ್ ಪೇಟೆಯ ನಡುವೆ ಬಟ್ಟೆ ಹೊಲಿಯುವ ಸಣ್ಣ ಫ್ಯಾಕ್ಟರಿಗಳು ಸಾಲಾಗಿದ್ದವು. ಬಾಗಿಲಿಗೆ ಅಂಟಿಸಿದ್ದ ಕಾಗದ ನೋಡಿ ಒಂದರೊಳಗೆ ಹೋದೆ. ಯಜಮಾನರು ಕೊರಿಯಾದವರು, ನನಗಿಂತ ಸ್ವಲ್ಪ ದೊಡ್ಡವರು. ಅವರೂ ಮೊದಲು ಇಂಥದೇ ಒಂದು ಫ್ಯಾಕ್ಟರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವರಂತೆ. ಎಲ್ಲರೂ ಅವರನ್ನು 'ಸಾಜಂನಿಮ್' ಎನ್ನುತ್ತಿದ್ದರು. ಯಜಮಾನರೇ ಎಂದು ಅರ್ಥ. ಅವರ ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಇರುತ್ತಿದ್ದರು. ಸುಮಾರು ಇಪ್ಪತ್ತು ಮಂದಿ ಹೆಂಗಸರಲ್ಲಿ ಅರ್ಧ ಕೊರಿಯಾದವರು, ಅರ್ಧ ಮೆಕ್ಸಿಕೋದವರು. ಎರಡೂ ಅಲ್ಲದವಳು ನಾನೊಬ್ಬಳು.

ಮೊದಲ ದಿನ ಕರೆಂಟಿನ ಮೆಷಿನ್ ಮುಂದೆ ಕುಳಿತು, ಊರಲ್ಲಿ ತುಳಿದಂತೆ ಕಾಲು ಊರಿದೆ. ಅದು ಹುಚ್ಚು ಹೋರಿಯ ಹಾಗೆ ಓಡಿ, ಬಟ್ಟೆಯ ಜೊತೆಗೆ ನನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟಿತು. ಯಜಮಾನರು ಆ ಕಡೆಯಿಂದ "ಪಲ್ಲಿ! ಪಲ್ಲಿ!" ಎಂದು ಕೂಗಿದರು. ನಮ್ಮೂರಿಂದ ತಮಿಳುನಾಡು ಕೂಗಳತೆಯ ದೂರ. ತಮಿಳರು ಹಲ್ಲಿಗೆ ಪಲ್ಲಿ ಎನ್ನುತ್ತಾರೆ. ನಾನು ಗೋಡೆಯ ಮೇಲೆಲ್ಲ ಹಲ್ಲಿಯನ್ನು ಹುಡುಕಿದೆ. ಪಕ್ಕದ ಮೆಷಿನ್ನಿನ ಮುದುಕಿ ನನ್ನ ಸೆರಗು ಬಿಡಿಸುತ್ತಾ, "ಬೇಗ ಬೇಗ ಅಂತ ಹೇಳ್ತಿದಾನೆ. ಗೋಡೇಲಿ ಏನು ನೋಡ್ತೀಯ?" ಎಂದಳು. ಮರುದಿನದಿಂದ ಪ್ಯಾಂಟು ಹಾಕಿಕೊಂಡು ಹೋದೆ. ಬಸ್ಸಿನಲ್ಲಿ ಕೈಚೀಲದಿಂದ ತೊಡೆ ಮುಚ್ಚಿಕೊಂಡು ಕೂರುತ್ತಿದ್ದೆ.

ಆ ಮುದುಕಿಯೇ ಸುನ್‌ಜಾ. ಯಜಮಾನರ ತಾಯಿಯ ವಯಸ್ಸು. ನನ್ನ ಹೆಸರು ರತ್ನ ಅವಳ ಬಾಯಲ್ಲಿ 'ಲತ್ನಾ' ಆಯಿತು, ಆಮೇಲೆ ಎಲ್ಲರಿಗೂ ಅದೇ ಆಯಿತು. ನಮ್ಮಿಬ್ಬರದೂ ಮುರುಕು ಇಂಗ್ಲಿಷು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಅಲ್ಲಿ ಯಾರೂ ಒಂದು ಇಡೀ ಬಟ್ಟೆಯನ್ನು ಹೊಲಿಯುತ್ತಿರಲಿಲ್ಲ. ಒಬ್ಬಳು ಜೇಬು, ಒಬ್ಬಳು ಕಾಲು, ಸುನ್‌ಜಾ ಜಿಪ್ಪು, ನಾನು ಸೊಂಟದ ಪಟ್ಟಿ. ಕಟ್ಟು ಕಟ್ಟಾಗಿ ಬರುತ್ತಿತ್ತು, ಹೊಲಿದು ಮುಂದಕ್ಕೆ ದೂಡಬೇಕು. ಒಬ್ಬಳು ನೀರು ಕುಡಿಯಲು ಎದ್ದರೆ ಮುಂದಿನವಳು ಕಾಯಬೇಕು, ಯಜಮಾನರ 'ಪಲ್ಲಿ' ಶುರುವಾಗುತ್ತಿತ್ತು. ಹಾಗಾಗಿ ಯಾರಿಗೂ ಬಾಯಾರಿಕೆಯೇ ಆಗುತ್ತಿರಲಿಲ್ಲ. ಇಡೀ ದಿನ ಭುಜಗಳು ಕಿವಿಯ ಹತ್ತಿರವೇ ಇರುತ್ತಿದ್ದವು. ಒಂದು ಮಾತು ಜಾಸ್ತಿಯಾದರೆ ನಾಳೆ ಬಾಗಿಲು ತೆರೆಯುವುದಿಲ್ಲ ಎಂಬ ಭಯ. ಕತ್ತರಿ ನಮ್ಮದೇ ತರಬೇಕಿತ್ತು. ಯಾರನ್ನಾದರೂ ಬಿಡಿಸುವಾಗ ಯಜಮಾನರು "ಹೋಗು" ಎನ್ನುತ್ತಿರಲಿಲ್ಲ. "ನಿನ್ನ ಕತ್ತರಿ ತಗೊ" ಎನ್ನುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಹೊರಗೆ ಹೋದವರು ತಡವಾಗಿ ಬರುತ್ತಾರೆಂದು ಯಜಮಾನರು ಒಂದು ಉಪಾಯ ಮಾಡಿದರು. ಮೂಲೆಯಲ್ಲಿ ಟೀವಿ ಇಟ್ಟು, ಕೊರಿಯಾ ಅಂಗಡಿಯಿಂದ ಅವರ ದೇಶದ ಧಾರಾವಾಹಿಯ ವಿಡಿಯೋ ಕ್ಯಾಸೆಟ್ಟು ಬಾಡಿಗೆಗೆ ತಂದು ಹಾಕುತ್ತಿದ್ದರು. ಊಟದ ಹೊತ್ತು ಮುಗಿದ ಕೂಡಲೇ, ಕಥೆ ಎಲ್ಲಿದ್ದರೂ ಸರಿ, ಪಟ್ಟೆಂದು ಆರಿಸುತ್ತಿದ್ದರು. ಮೊದಲು ನಾನು ಮೊಸರನ್ನದ ಡಬ್ಬಿ ಹಿಡಿದು ದೂರ ಕೂರುತ್ತಿದ್ದೆ. ಒಂದು ದಿನ ಟೀವಿಯಲ್ಲಿ ಒಂದು ಮಗು "ಅಪ್ಪಾ!" ಎಂದು ಕಿರುಚಿತು. ತುತ್ತು ಕೈಯಲ್ಲೇ ಉಳಿಯಿತು. ತಾತ ಹೋದಾಗ ನಿಮ್ಮಪ್ಪ ಕೂಗಿದ್ದೂ ಹಾಗೆಯೇ.

"ನಿಮ್ಮಲ್ಲೂ ಅಪ್ಪನಿಗೆ ಅಪ್ಪಾ ಅಂತೀರಾ?" ಎಂದು ಕೇಳಿದೆ.

"ಮತ್ತೇನಂತಾರೆ?" ಎಂದಳು ಸುನ್‌ಜಾ. ಅಂದಿನಿಂದ ನಾನು ಅವಳ ಪಕ್ಕದಲ್ಲೇ ಕುಳಿತೆ.

ಕಥೆ ಇಷ್ಟು. ಬಟ್ಟೆ ಗಿರಣಿಯ ಒಡೆಯನೊಬ್ಬನ ದೊಡ್ಡ ಮನೆ. ಅಲ್ಲಿ ವಯಸ್ಸಾದ ಅಡುಗೆಯವಳು. ಅವಳ ಮಗಳು ಅದೇ ಒಡೆಯನ ಗಿರಣಿಯಲ್ಲಿ ಕೂಲಿ. ಹಗಲು ಮಗಳನ್ನು ಗಿರಣಿಯಲ್ಲಿ ಹಿಂಡುತ್ತಾರೆ, ಸಂಜೆ ತಾಯಿ ಅದೇ ಜನಕ್ಕೆ ಬಡಿಸುತ್ತಾಳೆ. ಒಡೆಯನ ಹೆಂಡತಿ ರೇಷ್ಮೆಯ ನಿಲುವಂಗಿ ತೊಟ್ಟು ಮೆಲ್ಲನೆಯ ದನಿಯಲ್ಲಿ "ಇರಿ ವಾ" ಎನ್ನುತ್ತಾಳೆ. ಇಲ್ಲಿಗೆ ಬಾ ಎಂದು. ತಮಿಳಿನ ವಾ, ನಮ್ಮ ಬಾ, ಅವರ ವಾ, ಎಲ್ಲ ಒಂದೇ! "ಈಗೊ ಬ್ವಾ," ಇದನ್ನು ನೋಡು, ಎನ್ನುತ್ತಾಳೆ. ಅಡುಗೆಯವಳಾದರೋ ಮಾತುಮಾತಿಗೂ ಕೊನೆಯಲ್ಲಿ "ಯೋ... ಯೋ..." ಎನ್ನುತ್ತಾಳೆ.

ನಮ್ಮ ಕಡೆ 'ಯೋ' ಅಂದರೆ ಏನೆಂದು ನಿಮಗೆ ಗೊತ್ತಿಲ್ಲ. "ಯೋ, ಎತ್ತು ಕಟ್ಟಾಕಯ್ಯ!" "ಯೋ, ಕಣ್ ಕಾಣಲ್ವೇನಯ್ಯ?" ಇಂಥ ಮಾತಿಗೆ ಬರುವ ಯೋ. ದೊಡ್ಡವರ ಮುಂದೆ ಅಂದರೆ ಕೆನ್ನೆ ಊದುತ್ತದೆ. ನನಗೆ ಆ ಅಡುಗೆಯವಳ ಮೇಲೆ ಭಕ್ತಿಯೇ ಹುಟ್ಟಿತು. ಹೊಟ್ಟೆಗಿಲ್ಲದವಳು ಒಡೆಯನ ಮುಖಕ್ಕೇ ಯೋ ಎನ್ನುತ್ತಾಳಲ್ಲ! ಒಡೆಯನ ಹೆಂಡತಿ ಒಮ್ಮೆಯೂ ಯೋ ಎನ್ನುವುದಿಲ್ಲ, ಎಷ್ಟು ನಯ ಎಂದುಕೊಂಡೆ. ನಮ್ಮ ಫ್ಯಾಕ್ಟರಿಯಲ್ಲೂ ಅದೇ ಕಂಡಿತು. ಹೆಂಗಸರೆಲ್ಲ ಯಜಮಾನರಿಗೆ ಯೋ ಎನ್ನುತ್ತಿದ್ದರು. ಯಜಮಾನರು ಸುನ್‌ಜಾಗೆ ಒಂದು ಸಲವೂ ಅನ್ನುತ್ತಿರಲಿಲ್ಲ. ಬೈಯುವಾಗಲೂ ಯೋ ಇಲ್ಲ. ಕೊರಿಯಾದ ಕೂಲಿಯವರಿಗೆ ಇಷ್ಟು ಧೈರ್ಯ, ಯಜಮಾನರಿಗೆ ಇಷ್ಟು ತಾಳ್ಮೆ ಎಂದು ಮನಸ್ಸಿನಲ್ಲೇ ಬೆರಗಾಗಿದ್ದೆ.

ಇನ್ನೊಂದನ್ನೂ ಅಲ್ಲೇ ಕಂಡೆ. ಯಜಮಾನರು ಬಾಗಿಲಿಗೆ ಒರಗಿ ನಿಂತು ತಾವೂ ಆ ಕಥೆ ನೋಡುತ್ತಿದ್ದರು. ಊಟದ ಮೇಜಿನಲ್ಲಿ ಸಾರು ಚೆಲ್ಲಿತೆಂದು ಕಥೆಯ ಒಡೆಯ ಅಡುಗೆಯವಳನ್ನು ಎಲ್ಲರೆದುರು ನಿಲ್ಲಿಸಿ ಬೈದ ದಿನ ನಮ್ಮ ಯಜಮಾನರು ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡರು. ಮರುಕ್ಷಣವೇ ಟೀವಿ ಆರಿಸಿ, ಇನ್ನೂ ಅಗಿಯುತ್ತಿದ್ದ ಸುನ್‌ಜಾ ಕಡೆ ತಿರುಗಿ, "ಪಲ್ಲಿ!" ಎಂದರು.

ನಾನು ಕದ್ದು ಕದ್ದು ಕೊರಿಯಾ ಮಾತು ಕಲಿಯುತ್ತಿದ್ದೆ. ಅಡುಗೆಯವಳ ಒರಟು ನಮಗೆ ಬೇಡ, ಒಡೆಯನ ಹೆಂಡತಿಯ ನಯವೇ ಇರಲಿ ಎಂದು ಯೋ ಬಿಟ್ಟೇ ಕಲಿತೆ. "ಸುನ್‌ಜಾ ಒನ್ನಿ, ವಾ" ಎಂದು ಕರೆದರೆ ಸುನ್‌ಜಾ ನಗುನಗುತ್ತಾ ಬರುತ್ತಿದ್ದಳು. ಒನ್ನಿ ಅಂದರೆ ಅಕ್ಕ. ತಪ್ಪು ಎಂದು ಅವಳು ಒಂದು ದಿನವೂ ಹೇಳಲಿಲ್ಲ.

ಇನ್ನು ಆ ದಿನದ ಸಂಗತಿ. ಹೆಂಗಸರ ಪ್ಯಾಂಟಿನ ದೊಡ್ಡ ಆರ್ಡರು ಬಂದಿತ್ತು. ಗಂಡಸರ ಪ್ಯಾಂಟಿನಲ್ಲಿ ಜಿಪ್ಪಿನ ಮೇಲಿನ ಪಟ್ಟಿ ಒಂದು ಕಡೆಗೆ ಮುಚ್ಚಿದರೆ ಹೆಂಗಸರದು ಇನ್ನೊಂದು ಕಡೆಗೆ. ನಮಗೆ ದಾರಿ ತೋರಿಸಲು ಒಂದು ಮಾದರಿ ಪ್ಯಾಂಟನ್ನು ಸುನ್‌ಜಾ ಮೆಷಿನ್ನಿನ ಮೇಲಿನ ಕೊಕ್ಕೆಗೆ ನೇತುಹಾಕುತ್ತಿದ್ದರು. ಈ ಸಲ ಅದನ್ನು ತಂದು ಹಾಕಿದವರು ಯಜಮಾನರ ಹೆಂಡತಿ. ನಾನು ಪಕ್ಕದಲ್ಲೇ ಇದ್ದೆ. ಸುನ್‌ಜಾ ಮಾದರಿ ನೋಡಿದಳು, ಒಂದು ಸಲ ತಲೆ ಕೆರೆದುಕೊಂಡಳು, ಅದರಂತೆಯೇ ಹೊಲಿದಳು.

ಸರಕು ಹೋಗಿ ಹಾಗೇ ವಾಪಸು ಬಂತು. ಅಷ್ಟೂ ಜಿಪ್ಪುಗಳು ಗಂಡಸರ ಕಡೆಗೆ.

ಯಜಮಾನರು ಒಂದು ಪ್ಯಾಂಟನ್ನು ಎತ್ತಿ ಸುನ್‌ಜಾ ಮೆಷಿನ್ನಿನ ಮೇಲೆ ಬಿಸಾಡಿದರು. ಎಲ್ಲ ಮೆಷಿನ್ನುಗಳೂ ಒಂದೊಂದಾಗಿ ನಿಂತವು. ಅವರು ಕೂಗಿದ್ದು ನನಗೆ ಪೂರ್ತಿ ತಿಳಿಯಲಿಲ್ಲ, 'ಕಣ್ಣು' ಎಂಬ ಮಾತು ಮತ್ತೆ ಮತ್ತೆ ಬಂತು. ಸುನ್‌ಜಾ ತಲೆ ತಗ್ಗಿಸಿ, "...ಯೋ, ...ಯೋ" ಎನ್ನುತ್ತಿದ್ದಳು. ಕೊನೆಗೆ ಯಜಮಾನರು ಇಂಗ್ಲಿಷಿನಲ್ಲಿ, ಎಲ್ಲರಿಗೂ ತಿಳಿಯಲೆಂದೇ, "ನಿನ್ನ ಕತ್ತರಿ ತಗೊ" ಎಂದರು.

ಸುನ್‌ಜಾಗೆ ಯಾರೂ ಇರಲಿಲ್ಲ. ಆ ವಯಸ್ಸಿನಲ್ಲಿ ಇನ್ನೊಂದು ಬಾಗಿಲು ತೆರೆಯುವುದಿಲ್ಲ ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಅವಳು ಕತ್ತರಿಯನ್ನು ಒಂದು ಬಟ್ಟೆಯ ಚೂರಿನಲ್ಲಿ ಸುತ್ತತೊಡಗಿದಳು. ಒಂದು ಸಲ ಕೊಕ್ಕೆಯ ಕಡೆ ನೋಡಿದಳು, ಒಂದು ಸಲ ಯಜಮಾನರ ಹೆಂಡತಿಯ ಕಡೆ. ಮತ್ತೆ ಕತ್ತರಿ ಸುತ್ತಿದಳು. ಒಡತಿಯ ತಪ್ಪನ್ನು ಎಲ್ಲರೆದುರು ತೋರಿಸುವುದು ಅವರ ಕಡೆ ಸಲ್ಲದು ಎಂದು ನನಗೆ ಆಮೇಲೆ ತಿಳಿಯಿತು. ಆ ಅಮ್ಮ ಕತ್ತರಿಸುವ ಮೇಜನ್ನು ಒರೆಸುತ್ತಲೇ ಇದ್ದರು. ಅವರು ಹಾಕಿದ್ದ ಗಂಡಸರ ಮಾದರಿ ಪ್ಯಾಂಟು ಮಾತ್ರ ಕೊಕ್ಕೆಯಲ್ಲೇ ನೇತಾಡುತ್ತಿತ್ತು. ಯಜಮಾನರು ಎರಡು ಹೆಜ್ಜೆ ಬಂದು ಅದನ್ನು ನೋಡಿದರೆ ಸಾಕಿತ್ತು.

ಕೆಲಸ ಹೋದರೆ ನಾನೂ ನಿಮ್ಮಪ್ಪನೂ ಎಲ್ಲಿಗೆ ಹೋಗುವುದು? ಇಂಗ್ಲಿಷಿನಲ್ಲಿ ಹೇಳೋಣವೆಂದರೆ ಬಾಯಿಗೆ ಒಂದು ಮಾತೂ ಬರಲಿಲ್ಲ. ಇವರ ಭಾಷೆಯಲ್ಲೇ, ಅತಿ ಮರ್ಯಾದೆಯಿಂದ, ಎರಡು ಮಾತು ಹೇಳಿದರೆ ಕೋಪ ಮಾಡಿಕೊಳ್ಳಲಾರರು ಎನಿಸಿತು. ಎದ್ದು ನಿಂತೆ. ಊರಿನಲ್ಲಿ ಹಿರಿಯರಿಗೆ ಮಾಡುವಂತೆ ಕೈ ಮುಗಿದೆ. ಒಡೆಯನ ಹೆಂಡತಿಯ ಆ ಮೆಲ್ಲನೆಯ ದನಿಯನ್ನು ನೆನೆಸಿಕೊಂಡು ಹೇಳಿದೆ:

"ಸಾಜಂನಿಮ್, ಇರಿ ವಾ. ಈಗೊ ಬ್ವಾ."

ಇಸ್ತ್ರಿಯ ಹಬೆ ಬುಸ್ಸೆಂದಿತು. ಕೊರಿಯಾದ ಹೆಂಗಸರೆಲ್ಲ ಒಟ್ಟಿಗೆ ನೆಲ ನೋಡಿದರು. ಯಜಮಾನರ ಕುತ್ತಿಗೆಯಿಂದ ಕೆಂಪು ಮೇಲಕ್ಕೆ ಏರಿತು.

"ಏನಂದೆ?" ಎಂದರು ಇಂಗ್ಲಿಷಿನಲ್ಲಿ. "ಇನ್ನೊಂದು ಸಲ ಹೇಳು."

ಪಾಪ, ಕೇಳಿಸಲಿಲ್ಲ ಎಂದುಕೊಂಡೆ. ಇನ್ನೂ ಬಗ್ಗಿ, ಇನ್ನೂ ಕೈ ಮುಗಿದು, ಸ್ವಲ್ಪ ಗಟ್ಟಿಯಾಗಿ ಹೇಳಿದೆ: "ಇರಿ ವಾ. ಈಗೊ ಬ್ವಾ."

ಜೇಬು ಹೊಲಿಯುವ ಮೆಕ್ಸಿಕೋದ ಲೂಪೆ ಬಾಯಿಗೆ ಕೈ ಅಡ್ಡ ಹಿಡಿದಳು. ಯಜಮಾನರು ನನ್ನ ಮೆಷಿನ್ನಿನ ಕಡೆ ಬಂದರು. ಹೊಡೆದೇಬಿಡುತ್ತಾರೆ ಎನಿಸಿತು. ನನ್ನ ಕತ್ತರಿ ಎಲ್ಲಿದೆ ಎಂದು ಕಣ್ಣು ತಾನಾಗಿ ಹುಡುಕಿತು.

ಆಗ ಸುನ್‌ಜಾ ನಮ್ಮಿಬ್ಬರ ನಡುವೆ ಬಂದು ನಿಂತಳು. ಸುತ್ತಿದ ಕತ್ತರಿ ಕೈಯಲ್ಲೇ ಇತ್ತು. ದನಿ ಏರಿಸದೆ, ಪ್ರತಿ ಮಾತಿನ ಕೊನೆಗೂ ಯೋ ಇಟ್ಟು, ನಿಧಾನವಾಗಿ ಏನೋ ಹೇಳಿದಳು. ನಡುವೆ ಒಂದು ಸಲ ನನ್ನನ್ನು ತೋರಿಸಿದಳು, ಒಂದು ಸಲ ಮೂಲೆಯ ಟೀವಿಯನ್ನು, ಒಂದು ಸಲ ತನ್ನ ಎದೆಯನ್ನು.

ಯಜಮಾನರು ಆರಿದ ಟೀವಿಯ ಕಡೆ ನೋಡಿದರು. ಆಮೇಲೆ ಕೊಕ್ಕೆಯ ಹತ್ತಿರ ಬಂದು ಮಾದರಿ ಪ್ಯಾಂಟನ್ನು ಇಳಿಸಿದರು. ಜಿಪ್ಪನ್ನು ಒಂದು ಸಲ ಕೆಳಗೆ ಎಳೆದು ಮೇಲೆ ಎಳೆದರು. ಹೆಂಡತಿಯ ಕಡೆ ನೋಡಿದರು. ಆ ಅಮ್ಮ ಮೇಜು ಒರೆಸುವುದನ್ನು ನಿಲ್ಲಿಸಿದ್ದರು.

"ವರ್ಕ್," ಎಂದರು ಯಜಮಾನರು, ಯಾರ ಕಡೆಗೂ ನೋಡದೆ. ಪ್ಯಾಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದರು.

ಸುನ್‌ಜಾ ಕತ್ತರಿಯ ಸುತ್ತು ಬಿಚ್ಚಿ ಅದನ್ನು ಮೆಷಿನ್ನಿನ ಮೇಲೆ ಇಟ್ಟಳು. ಸೂಜಿಗೆ ದಾರ ನಾನು ಪೋಣಿಸಿ ಕೊಟ್ಟೆ. ಆ ಜಿಪ್ಪುಗಳನ್ನೆಲ್ಲ ಬಿಚ್ಚಿ ಹೊಲಿಯುವುದರಲ್ಲಿ ನಮ್ಮ ಉಗುರುಗಳು ಕಿತ್ತು ಬಂದವು, ಅದು ಬೇರೆ ಮಾತು.

ಮರುದಿನ ಊಟದ ಹೊತ್ತಿನಲ್ಲಿ ಲೂಪೆ ನನ್ನ ಬೆನ್ನಿಗೆ ಗುದ್ದಿದಳು. "ಲತ್ನಾ, ಭಾರೀ ಕಣೇ ನೀನು! ಬಾಸನ್ನ ನಾಯಿ ಕರೆದ ಹಾಗೆ ಕರೆದೆ!"

"ನಾನಾ? ಕೈ ಮುಗಿದು ಕರೆದೆನಲ್ಲ!"

"ಅದೇ ಇನ್ನೂ ಜೋರು. ಕೈ ಮುಗಿದು ನಾಯಿ ಕರೆದೆ!"

ಆಮೇಲೆ ಸುನ್‌ಜಾ ಬಿಡಿಸಿ ಹೇಳಿದಳು. ಯೋ ಎಂಬುದೇ ಮರ್ಯಾದೆ. ದೊಡ್ಡವರಿಗೆ, ಹೊರಗಿನವರಿಗೆ ಯೋ ಸೇರಿಸಬೇಕು. ಸೇರಿಸದಿದ್ದರೆ ಕೆಳಗಿನವರಿಗೆ ಆಡುವ ಮಾತು. ನನಗೆ ನಮ್ಮ ಶಾಲೆಯ ಮೇಷ್ಟರು ನೆನಪಾದರು. ಏಕವಚನ, ಬಹುವಚನ ಎಂದು ಹಲಗೆಯ ಮೇಲೆ ಗೀಟು ಎಳೆದು ಕಲಿಸುತ್ತಿದ್ದರು. ಹಾಗಾದರೆ ಆ ಅಡುಗೆಯವಳು ಇಷ್ಟು ದಿನ ಧೈರ್ಯ ತೋರುತ್ತಿರಲಿಲ್ಲ, ಬಗ್ಗಿ ಬಗ್ಗಿ ಬೇಡುತ್ತಿದ್ದಳು. ಒಡೆಯನ ಹೆಂಡತಿಯದು ನಯವಲ್ಲ, ಏಕವಚನ. ನಮ್ಮ ಯಜಮಾನರು ತಾಯಿಯ ವಯಸ್ಸಿನವಳನ್ನು ದಿನವೂ ಏಕವಚನದಲ್ಲಿ ಕರೆಯುತ್ತಿದ್ದರು. ನೋಡಿದ ಕಥೆಯನ್ನೆಲ್ಲ ನಾನು ತಲೆಕೆಳಗು ಮಾಡಿ ಮತ್ತೆ ಮೊದಲಿಂದ ನೋಡಬೇಕಾಯಿತು.

ನನಗೇನೂ ಅದು ಹೊಸದಲ್ಲ. ಆ ಕಾಲದಲ್ಲಿ ಹಬ್ಬಕ್ಕೆ ಕನ್ನಡದವರು ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಡಾಕ್ಟರ ಹೆಂಡತಿಯೊಬ್ಬರು ಬಾಗಿಲಲ್ಲಿ ನಿಂತು, "ಬನ್ನಿ ಬನ್ನಿ, ಎಷ್ಟ್ ದಿನ ಆಯ್ತು ನಿಮ್ಮನ್ನ ನೋಡಿ" ಎಂದು ಎಲ್ಲರನ್ನೂ ಕರೆಯುತ್ತಿದ್ದರು. ನನ್ನ ಸರದಿ ಬಂದಾಗ, "ಬಾಮ್ಮ ರತ್ನ, ಒಳಗೆ ಹೋಗಿ ಸ್ವಲ್ಪ ಪಲ್ಯ ಬಡಿಸ್ಕೊಡ್ತೀಯಾ?" ನನಗಿಂತ ಚಿಕ್ಕವರು. ಕೆಟ್ಟವರಲ್ಲ, ತಾತ ಹೋದಾಗ ಅನ್ನ ಸಾರು ತಂದುಕೊಟ್ಟವರು. ನಾನು ಹೂಂ ಎಂದು ಸೌಟು ಹಿಡಿಯುತ್ತಿದ್ದೆ.

"ಯಜಮಾನರಿಗೆ ಅಂದು ಏನು ಹೇಳಿದೆ?" ಎಂದು ಸುನ್‌ಜಾಳನ್ನು ಕೇಳಿದೆ.

"ಏನಿಲ್ಲ. ಲತ್ನಾಗೆ ನಮ್ಮ ಭಾಷೆ ಕಲಿಸೋಕೆ ಯಾರೂ ಇಲ್ಲಯೋ ಅಂದೆ. ಅವಳು ಕೇಳೋದು ಟೀವಿಯಲ್ಲಿ ಆ ದೊಡ್ಡ ಮನೆಯವರು ಆಡೋ ಮಾತು, ಇಲ್ಲಿ ನೀವು ನನಗೆ ಆಡೋ ಮಾತು, ಎರಡೇಯೋ. ಎರಡೂ ಒಂದೇ ಥರ ಇದ್ರೆ ಅವಳೇನು ಮಾಡ್ತಾಳೆಯೋ, ಅದನ್ನೇ ಕಲಿತಳು ಅಂದೆ."

ಯಜಮಾನರು ಸುನ್‌ಜಾಗೆ ಕ್ಷಮೆ ಕೇಳಲಿಲ್ಲ. ಯೋ ಎನ್ನಲೂ ಇಲ್ಲ. ಅಷ್ಟು ವರ್ಷ ಅನ್ನದವರಿಗೆ ನಾಲಿಗೆ ಹೊರಳುವುದು ಸುಲಭವಲ್ಲ. ಅವರು ಮಾಡಿದ್ದು ಬೇರೆಯೇ. ಅಂದಿನಿಂದ ಸುನ್‌ಜಾ ಜೊತೆ ಕೊರಿಯಾ ಭಾಷೆಯನ್ನೇ ಬಿಟ್ಟುಬಿಟ್ಟರು. "ಯು, ಕಮ್. ಯು, ದಿಸ್ ಒನ್ ಫಸ್ಟ್." ಸುನ್‌ಜಾಗೆ ಅದೇ ತಮಾಷೆ. "ಇಂಗ್ಲಿಷಿನಲ್ಲಿ ಮೇಲಿನವರು ಕೆಳಗಿನವರು ಅನ್ನೋ ಮಹಡಿ ಮೆಟ್ಟಿಲು ಇಲ್ಲ ಲತ್ನಾ. ಅವನು ಅಲ್ಲಿ ಹೋಗಿ ಬಚ್ಚಿಟ್ಟುಕೊಂಡ," ಎನ್ನುತ್ತಿದ್ದಳು. 'ಪಲ್ಲಿ' ಮಾತ್ರ ನಿಲ್ಲಲಿಲ್ಲ. ಕೆಲಸ ಹಗುರವಾಗಲೂ ಇಲ್ಲ.

ಆ ಗಲಾಟೆಯಿಂದ ನಿಂತಿದ್ದ ಟೀವಿ ಕೆಲವು ದಿನ ಕಳೆದು ಮತ್ತೆ ಶುರುವಾಯಿತು. ಒಡೆಯನ ಹೆಂಡತಿ "ಇರಿ ವಾ" ಎಂದಾಗಲೆಲ್ಲ ಹೆಂಗಸರು ನನ್ನ ಕಡೆ ತಿರುಗಿ ನಗುತ್ತಿದ್ದರು. ನಾನು ಡಬ್ಬಿಯೊಳಗೆ ಮುಖ ಹುದುಗಿಸುತ್ತಿದ್ದೆ. ಯಜಮಾನರು ಬಾಗಿಲಿಗೆ ಬಂದು ನಿಲ್ಲುವುದನ್ನು ಬಿಟ್ಟರು. ಕೊನೆಯ ಕ್ಯಾಸೆಟ್ಟನ್ನು ಯಾರೋ ತೆಗೆದುಕೊಂಡು ಹೋಗಿ ಅಂಗಡಿಗೆ ವಾಪಸು ಕೊಡಲೇ ಇಲ್ಲ. ಆ ಅಡುಗೆಯವಳು ಕೊನೆಗೂ ಯೋ ಬಿಟ್ಟು ಒಂದು ಮಾತಾದರೂ ಆಡಿದಳೇ ಎಂದು ನನಗೆ ತಿಳಿಯದು. ಸುನ್‌ಜಾ ದಿನಕ್ಕೊಂದು ಕೊನೆ ಕಟ್ಟಿ ಹೇಳುತ್ತಿದ್ದಳು. ಒಂದರಲ್ಲಿ ಗಿರಣಿಯೇ ಅಡುಗೆಯವಳದಾಗುತ್ತಿತ್ತು. ಇನ್ನೊಂದರಲ್ಲಿ ಅವಳು ಸಾರಿನ ಪಾತ್ರೆಯನ್ನು ಒಡೆಯನ ತಲೆಗೆ ಸುರಿಯುತ್ತಿದ್ದಳು. ಲೂಪೆ ಎರಡನೆಯದನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದಳು.

ನಾನು ಮಾತ್ರ ಪಾಠ ಕಲಿತವಳು. ಸುನ್‌ಜಾ ನನಗಿಂತ ಹಿರಿಯಳು, ಅಂದು ನನಗಾಗಿ ಎದ್ದು ನಿಂತವಳು. ಆಮೇಲೆ ಅವಳ ಹತ್ತಿರ ಒಂದು ಮಾತನ್ನೂ ಯೋ ಇಲ್ಲದೆ ಆಡಲಿಲ್ಲ. 'ಒನ್ನಿ, ವಾ' ಹೋಗಿ 'ಒನ್ನಿ, ಓಸೆಯೋ' ಬಂತು. ಬನ್ನಿ ಎಂದ ಹಾಗೆ. ಅವಳು ಬರುತ್ತಿದ್ದಳು, ಮೊದಲಿನಂತೆ ನಗುತ್ತಿರಲಿಲ್ಲ. ವಯಸ್ಸಾಯಿತು, ಸುಸ್ತು ಎಂದುಕೊಂಡೆ.

ನಿಮ್ಮಪ್ಪನಿಗೆ ಸ್ಯಾನ್ ಡಿಯೇಗೋದಲ್ಲಿ ಕೆಲಸ ಸಿಕ್ಕಿದಾಗ ನಾನೂ ಹೊರಟೆ. ಆಮೇಲೆ ಡೆಲ್ ಮಾರ್‌ನ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಕೆಲಸ ನಿವೃತ್ತಿಯವರೆಗೂ ಮಾಡಿದೆ. ಅಲ್ಲಿಯ ಗಿರಾಕಿಗಳು ತುಂಬ ಸಿಹಿಯಾಗಿ ಮಾತಾಡುತ್ತಿದ್ದರು, ಹೆಸರು ಮಾತ್ರ ಯಾರೂ ಕೇಳಲಿಲ್ಲ.

ಲಾಸ್ ಏಂಜಲೀಸ್ ಬಿಟ್ಟು ಹೊರಟ ದಿನ ಸುನ್‌ಜಾ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ತನ್ನ ಕತ್ತರಿಯನ್ನು, ಅದೇ ಬಟ್ಟೆಯ ಚೂರಿನಲ್ಲಿ ಸುತ್ತಿ, ನನ್ನ ಕೈಗೆ ಇಟ್ಟಳು. ಅವಳೂ ಆ ವಾರ ಕೆಲಸ ಬಿಟ್ಟಿದ್ದಳು. ಯಾರೂ "ನಿನ್ನ ಕತ್ತರಿ ತಗೊ" ಎನ್ನದೆ, ತಾನಾಗಿ. ನಾನು ಬಗ್ಗಿ, ಕಲಿತ ಮರ್ಯಾದೆಯನ್ನೆಲ್ಲ ಸೇರಿಸಿ, "ಒನ್ನಿ, ಸ್ಯಾನ್ ಡಿಯೇಗೋಗೆ ಓಸೆಯೋ" ಎಂದೆ.

ಅವಳು ನನ್ನ ಕೈಯನ್ನು ಕೊಡವಿದಳು. "ಯೋ, ಯೋ, ಯೋ! ನಾನೇನು ನಿನ್ನ ಸಾಜಂನಿಮ್ಮಾ? ಮೊದಲು ನೀನು ನನ್ನನ್ನ ಹೇಗೆ ಕರೀತಿದ್ದೆ? ಅಮ್ಮನ ಹತ್ರ ಯಾರಾದ್ರೂ ಯೋ ಅಂತಾರಾ? ಅಕ್ಕನ ಹತ್ರ ಅಂತಾರಾ? ಈ ಊರಲ್ಲಿ ಹಾಗೆ ಕರೆಯೋಳು ನೀನೊಬ್ಬಳೇ ಇದ್ದೆ. ನೀನೂ ಬಿಟ್ಟೆ."

ನಾವೂ ಅಮ್ಮನನ್ನು, ದೇವರನ್ನು ನೀನು ಎಂದೇ ಕರೆಯುತ್ತೇವಲ್ಲ! ಮೇಷ್ಟರು ಎಳೆದ ಗೀಟಿನ ಈ ಬದಿಯಲ್ಲಿ ಅಮ್ಮನೂ ಇದ್ದಾಳೆ, ಆಳೂ ಇದ್ದಾನೆ. ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ.

ಬಸ್ಸು ಹೊರಟಿತು. ಎಷ್ಟು ಜನ ನೋಡುತ್ತಿದ್ದರೋ ಏನೋ, ನನಗೆ ನಾಚಿಕೆಯೂ ಆಗಲಿಲ್ಲ. ಗಾಜಿಗೆ ಮುಖ ಒತ್ತಿ ಕೂಗಿದೆ:

"ಒನ್ನಿ, ವಾ!"

ಗಾಜಿನಾಚೆಗೆ ಅವಳಿಗೆ ಕೇಳಿಸಿರಲಿಕ್ಕಿಲ್ಲ. ನನ್ನ ಬಾಯಿ ನೋಡಿಯೇ ತಿಳಿದುಕೊಂಡಳು. ಮೊದಲಿನಂತೆ ನಗುತ್ತಾ ಬಸ್ಸಿನ ಜೊತೆಗೆ ನಾಲ್ಕು ಹೆಜ್ಜೆ ಬಂದಳು.